ಹಿಂದಿನ ಓಣಿ

ಮಲ್ಕಮ್ಮನಿಗೆ ಮೊದಲು ಹೊಟ್ಟೆಕಿಚ್ಚು ಹುಟ್ಟಿದ್ದು ಆ ಹೆಣ್ಣುಮಗಳ ಕತ್ತನ್ನು ನೋಡಿ.

ನೀಳವಾದ ಕತ್ತು. ಅದರ ಸುತ್ತ ಒಂದು ಕರಿ ಪಟ್ಟಿ, ಪಟ್ಟಿಯ ತುದಿಗೆ ಕ್ಯಾಮೆರಾ. ಆಕೆ ತಲೆ ಎತ್ತಿ ವಾಡೆಯ ಮಾಳಿಗೆಯನ್ನು ನೋಡುತ್ತಿದ್ದಳು. ಆಮೇಲೆ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಮೈ ಅಲುಗದೆ ಕತ್ತಷ್ಟೇ ಹಗುರಾಗಿ ತಿರುಗುತ್ತಿತ್ತು. ಮಲ್ಕಮ್ಮನ ಕತ್ತು ಹಾಗೆ ತಿರುಗಿ ವರ್ಷಗಳೇ ಆಗಿದ್ದವು. ಪಕ್ಕದಲ್ಲಿ ಯಾರಾದರೂ ಕರೆದರೆ ಅವಳು ಎತ್ತಿನ ಬಂಡಿಯ ಹಾಗೆ ಇಡೀ ಮೈಯನ್ನೇ ತಿರುಗಿಸಬೇಕಿತ್ತು. ಇಬ್ಬರದೂ ಹೆಚ್ಚುಕಡಿಮೆ ಒಂದೇ ವಯಸ್ಸು. ಮೂವತ್ತು, ಮೂವತ್ತೆರಡು. ಆಕೆಯ ತಲೆಯ ಮೇಲೆ ಏನೂ ಇರಲಿಲ್ಲ. ಮಲ್ಕಮ್ಮನ ತಲೆಯ ಮೇಲೆ ನಾಲ್ಕು ಮನೆಗಳ ಹೇಲು ಇತ್ತು.

ಆಳಂದದ ವಾಡೇದ ಓಣಿಯ ಹನ್ನೆರಡು ಮನೆಗಳ ಸಂಡಾಸ ಬಳಿಯುವುದು ಮಲ್ಕಮ್ಮನ ಕೆಲಸ. ತಲೆಯ ಮೇಲೆ ಹೊರುವುದನ್ನು ಸರಕಾರ ಎಂದೋ ನಿಲ್ಲಿಸಿದೆ ಅಂತ ಬಸ್‌ಸ್ಟ್ಯಾಂಡಿನಲ್ಲಿ ಪೇಪರ್ ಓದುವವರು ಹೇಳುತ್ತಿದ್ದರು. ಆ ಸುದ್ದಿ ವಾಡೇದ ಓಣಿಗೆ ಬಂದಿರಲಿಲ್ಲ. ಬಂದಿದ್ದರೂ ಮುಂಬಾಗಿಲಲ್ಲೇ ನಿಂತುಹೋಗಿರಬೇಕು. ಮಲ್ಕಮ್ಮ ಮುಂಬಾಗಿಲು ಕಂಡವಳಲ್ಲ. ಅವಳ ಓಣಿ ಬೇರೆ. ಎರಡು ಸಾಲು ಮನೆಗಳ ಬೆನ್ನುಗಳ ನಡುವೆ, ಎರಡೂ ಮೊಣಕೈ ಅಗಲಿಸಿದರೆ ಗೋಡೆಗೆ ತಾಗುವಷ್ಟು ಇಕ್ಕಟ್ಟಾದ ಹಿಂದಿನ ಓಣಿ. ಪ್ರತಿ ಮನೆಗೂ ಮೊಣಕಾಲೆತ್ತರಕ್ಕೆ ಒಂದು ತಗಡಿನ ಬಾಗಿಲು. ಕುಕ್ಕರಗಾಲಲ್ಲಿ ಕೂತು ಬಾಗಿಲು ತೆಗೆಯಬೇಕು. ಕೈ ಒಳಗೆ ಹಾಕಬೇಕು. ತಗಡಿನ ಚೂರಿನಿಂದ ಕೆರೆದು ಬುಟ್ಟಿಗೆ ಎಳೆದುಕೊಳ್ಳಬೇಕು. ಮೇಲೆ ಬೂದಿ. ಬುಟ್ಟಿ ತಲೆಗೆ. ಊರಬಾಗಿಲ ಅಗಸಿಯಾಚೆಯ ತಗ್ಗಿನ ತನಕ ನಡಿಗೆ. ಮತ್ತೆ ವಾಪಸ್ಸು. ದಿನಕ್ಕೆ ಮೂರು ಹೊರೆ. ಮಳೆಗಾಲದಲ್ಲಿ ಬುಟ್ಟಿ ಸೋರುತ್ತಿತ್ತು. ಕೂದಲೊಳಗೆ ಇಳಿದು, ಕಿವಿಯ ಹಿಂದಿನಿಂದ ಕುಪ್ಪಸದೊಳಕ್ಕೆ ಹೋಗುತ್ತಿತ್ತು. ಎರಡೂ ಕೈ ಬುಟ್ಟಿ ಹಿಡಿದಿರುವಾಗ ಒರೆಸಿಕೊಳ್ಳಲು ಮೂರನೆಯ ಕೈ ಇರುವುದಿಲ್ಲ.

ಕೆಲಸ ಮುಗಿದ ಮೇಲೆ ಮಾಳಿಗೆಯ ಕಿಟಕಿಯಿಂದ ರೊಟ್ಟಿ ಬೀಳುತ್ತಿತ್ತು. ಸೆರಗು ಒಡ್ಡಬೇಕು. ಗುರಿ ತಪ್ಪಿದರೆ ನೆಲದಿಂದ ಆರಿಸಿಕೊಳ್ಳಬೇಕು.

ಓಣಿಯ ದೊಡ್ಡ ಮನೆ ಜಗದೇವಪ್ಪನದು. ಊರವರೆಲ್ಲ ಅದನ್ನು ವಾಡೆ ಎನ್ನುತ್ತಿದ್ದರು. ಜಗದೇವಪ್ಪ ತೊಗರಿಯ ಅಡತಿ ವ್ಯಾಪಾರಿ, ದೌಲತರಾಯ ಅವನ ಮಗ. ಪಡಸಾಲೆಯಲ್ಲಿ ಬಸವಣ್ಣನವರ ದೊಡ್ಡ ಫೋಟೋ ಇದೆ, ದಿನಾ ಅದಕ್ಕೆ ಹೂವಿನ ಹಾರ ಬೀಳುತ್ತದೆ ಅಂತ ಮಲ್ಕಮ್ಮ ಕೇಳಿದ್ದಳು. ಮುಂಜಾನೆ ಪೂಜೆ ಮುಗಿಸಿ ಅವನು ಮನೆಯವರಿಗೆ ಮೇಲುಕೀಳಿಲ್ಲ, ಮನುಷ್ಯರೆಲ್ಲ ಒಂದೇ ಅಂತ ಹೇಳುತ್ತಿದ್ದುದು ಸಂಡಾಸದ ಗೋಡೆಯ ಈಚೆಗೂ ಕೇಳಿಸುತ್ತಿತ್ತು. ಕೈ ಒಳಗಿಟ್ಟುಕೊಂಡೇ ಅವಳು ಅದನ್ನು ಕೇಳಿಸಿಕೊಂಡಿದ್ದಳು. ಅವಳ ಗಂಡ ಭೀಮಶಾ ಅದೇ ಜಗದೇವಪ್ಪನ ಅಡತಿ ಅಂಗಡಿಯಲ್ಲಿ ಮೂಟೆ ಹೊರುವ ಹಮಾಲ. ಗಂಡನ ಬೆನ್ನು, ಹೆಂಡತಿಯ ತಲೆ, ಎರಡೂ ಒಂದೇ ಮನೆಗೆ ದುಡಿಯುತ್ತಿದ್ದವು. ಒಬ್ಬಳೇ ಮಗಳು ಇದನ್ನೆಲ್ಲ ನೋಡಬಾರದೆಂದು ಅವಳನ್ನು ನರೋಣಾದಲ್ಲಿ ತಾಯಿಯ ಹತ್ತಿರ ಸಾಲೆಗೆ ಬಿಟ್ಟಿದ್ದಳು.

ಎಂಬತ್ತೇಳನೆಯ ಇಸವಿ. ಸಂಕ್ರಾಂತಿ ಮುಗಿದು ಮೂರು ದಿನವಾಗಿತ್ತು. ಶನಿವಾರ ಮುಂಜಾನೆ ಜಗದೇವಪ್ಪನ ಹೆಂಡತಿ ಸುಭದ್ರಾಬಾಯಿ ಕಿಟಕಿಯಿಂದ ರೊಟ್ಟಿ ಎಸೆದಳು, ಜೊತೆಗೆ ಮಾತನ್ನೂ ಎಸೆದಳು.

"ಮಲ್ಕಿ, ಇವತ್ತ ಸಂಜೀಕ ಕಲಬುರ್ಗಿಯಿಂದ ದೌಲತನ ದೋಸ್ತರು ಬರ್ತಾರ. ಕ್ಯಾಮೆರಾದವ್ರು. ನಾಳೆ ಮುಂಜಾನಿ ನಮ್ಮ ದೌಲತ ಅವ್ರಿಗೆ ಹಳೇ ಓಣಿ ಎಲ್ಲಾ ತಿರುಗಿಸಿ ತೋರಿಸ್ತಾನ. ಫೋಟೋ ತೆಗೀತಾರಂತ. ನೀ ನಸುಕಿನ್ಯಾಗ ಬಂದು ಮುಗಿಸಿ ಹೋಗಿಬಿಡು. ಅವ್ರ ಕಣ್ಣಿಗೆ ಬೀಳಬ್ಯಾಡ."

"ಹೂಂರಿ ಬಾಯಾರ."

"ಬೂದಿ ಜಾಸ್ತಿ ಹಾಕು. ವಾಸನಿ ಬರಬಾರ್ದು."

ಆ ದಿನ ಮನೆಯಲ್ಲಿ ಅವಳು ಸುಮ್ಮನೆ ಕೂಡಲಿಲ್ಲ. ಭೀಮಶಾ ಕೈಕಾಲು ತೊಳೆದುಕೊಂಡು ಬರುತ್ತಿದ್ದ ಹಾಗೆ ಹೇಳಿದಳು.

"ನನ್ನ ಓಣಿ ನೋಡಾಕ ಬರ್ತಾರಂತ."

"ನಿನ್ನ ಓಣಿ?" ಅವನಿಗೆ ನಗು ಬಂತು. "ನಿನ್ನ ಓಣಿ ಯಾವಾಗ ಆತು?"

"ಹದಿನಾಲ್ಕು ವರ್ಷ ಆತು ತಿರಗಾಕತ್ತು. ಆ ದೌಲತರಾಯ ಏಳು ವರ್ಷ ಹೈದರಾಬಾದಿನ್ಯಾಗ ಇದ್ದ. ಅವನಿಗೇನ್ ಗೊತ್ತದ? ಯಾವ ಮನಿ ಗ್ವಾಡಿ ಎಲ್ಲಿ ಬಿರುಕು ಬಿಟ್ಟಾದ ಕೇಳು ಅವಗ. ನಾ ಹೇಳ್ತೇನಿ."

"ಹಂಗಾದ್ರ ನೀನೇ ಹೋಗಿ ತೋರಿಸಿ ಬಾ ಮುಂಜಾನಿ."

ಅವನು ತಮಾಷೆಗೆ ಅಂದದ್ದು. ಮಲ್ಕಮ್ಮ ನಗಲಿಲ್ಲ. ತೋರಿಸುವವನು ಮುಂದೆ ನಡೆಯುತ್ತಾನೆ, ಮಿಕ್ಕವರು ಹಿಂದೆ ಬರುತ್ತಾರೆ, ಅವನು ನಿಂತಲ್ಲಿ ನಿಲ್ಲುತ್ತಾರೆ, ಅವನು ಹೇಳಿದ್ದನ್ನು ಕೇಳುತ್ತಾರೆ. ಅದನ್ನು ನೆನೆಸಿಕೊಂಡರೆ ಅವಳ ಎದೆಯಲ್ಲಿ ಏನೋ ಉರಿಯುತ್ತಿತ್ತು. ತನ್ನ ಹಿಂದೆ ಯಾರೂ ನಡೆದದ್ದಿಲ್ಲ. ತಾನು ಬರುತ್ತಿದ್ದರೆ ಜನ ಮೂಗು ಮುಚ್ಚಿಕೊಂಡು ಗಲ್ಲಿ ಬದಲಿಸುತ್ತಿದ್ದರು.

ರವಿವಾರ ನಸುಕಿನಲ್ಲೇ ಬಂದಳು. ವಾಡೆಯ ಸಂಡಾಸ ಮೊದಲು ಬಳಿದಳು. ಎರಡು ಹೊರೆ ಮುಗಿಸಿದಳು. ಮೂರನೆಯ ಹೊರೆಗೆ ಗೌರಾಬಾಯಿಯ ಮನೆಯ ತಗಡಿನ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಕೂಗಿದಳು. ಯಾರೂ ಏಳಲಿಲ್ಲ. ಚಳಿಯಲ್ಲಿ ಕುಕ್ಕರಗಾಲಲ್ಲಿ ಕಾದಳು. ಬಾಗಿಲು ತೆಗೆಯುವ ಹೊತ್ತಿಗೆ ಬಿಸಿಲು ಗೋಡೆಯಿಂದ ಇಳಿಯುತ್ತಿತ್ತು. ಕೊನೆಯ ಹೊರೆ ಹೊತ್ತುಕೊಂಡು ಹಿಂದಿನ ಓಣಿ ದಾಟಿ ಅಗಸಿಯ ದಾರಿಗೆ ಕಾಲಿಟ್ಟಾಗ ಅವರು ಅಲ್ಲಿ ನಿಂತಿದ್ದರು. ಒಂಬತ್ತು ಮಂದಿ. ಎಂಟು ಗಂಡಸರು, ಒಬ್ಬಳು ಹೆಂಗಸು.

ವಾಡೆಯ ಮಗ್ಗುಲಿನ ಕಮಾನಿನ ಕೆಳಗೆ ದೌಲತರಾಯ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೈ ಎತ್ತಿ ಮಾತಾಡುತ್ತಿದ್ದ.

"ಈ ಓಣಿಯ ಒಂದೊಂದು ಕಲ್ಲೂ ನನಗ ಗೊತ್ತದ. ನಿಜಾಮರ ಕಾಲದಾಗ ನಮ್ಮ ಮುತ್ಯಾ ಈ ಗ್ವಾಡಿ ಕಟ್ಟಿಸ್ಯಾನ. ಸುಣ್ಣದಾಗ ಬೆಲ್ಲ ಕಲಿಸಿ ಅರದಾರ. ಇವತ್ತಿನ ತನಕ ಒಂದು ಬಿರುಕಿಲ್ಲ."

ಸುಳ್ಳು, ಎಂದುಕೊಂಡಳು ಮಲ್ಕಮ್ಮ. ಸಂಡಾಸದ ಮಗ್ಗುಲಲ್ಲಿ ಕೈ ಹೋಗುವಷ್ಟು ಬಿರುಕಿದೆ. ಅದರಲ್ಲಿ ಚೇಳು ಇರುತ್ತವೆ. ಎರಡು ಸಲ ಕಡಿಸಿಕೊಂಡಿದ್ದೇನೆ. ಆದರೆ ಒಬ್ಬ ಗಂಡಸು ದೌಲತರಾಯ ಹೇಳಿದ್ದನ್ನು ಸಣ್ಣ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಆಮೇಲೆ ಆ ಹೆಂಗಸಿನ ಕತ್ತು ಕಂಡಿತು.

ದೌಲತರಾಯನ ಕಣ್ಣು ಇವಳ ಮೇಲೆ ಬಿತ್ತು. ಮುಖ ಕೆಂಪಾಯಿತು.

"ಏಯ್ ಮಲ್ಕಿ! ಈಗ ಬಂದಿ ಏನ್ ಬೇ? ಸರಿ ಅತ್ಲಾಗ!"

ಸರಿಯಲು ಜಾಗವಿರಲಿಲ್ಲ. ಅವಳು ಎಂದಿನಂತೆ ಮುಖವನ್ನು ಗೋಡೆಗೆ ಮಾಡಿ ನಿಂತಳು. ದೊಡ್ಡವರು ಎದುರಾದರೆ ಹಾಗೆಯೇ ನಿಲ್ಲಬೇಕು. ಅವರು ದಾಟಿಹೋದ ಮೇಲೆ ನಡೆಯಬೇಕು. ಇವರು ದಾಟಲಿಲ್ಲ. ಬೆನ್ನ ಹಿಂದೆ ಟಕ್ ಅಂತ ಸದ್ದಾಯಿತು. ಮತ್ತೆ ಟಕ್. ಟಕ್ ಟಕ್ ಟಕ್.

"ವಾಹ್," ಎಂದ ಒಬ್ಬ. "ಗ್ವಾಡಿ ಮ್ಯಾಲ ನೆರಳು ನೋಡ್ರಿ."

"ನಿಲ್ಲವಾ, ನಿಲ್ಲು. ಹಂಗೇ ನಿಲ್ಲು."

ನಿಂತಳು. ಬುಟ್ಟಿಯ ಭಾರ ತಲೆಯಿಂದ ಕತ್ತಿಗೆ, ಕತ್ತಿನಿಂದ ಬೆನ್ನಿಗೆ ಇಳಿಯುತ್ತಿತ್ತು. ನಡೆಯುವಾಗ ಭಾರ ತಡೆಯಬಹುದು. ನಿಂತರೆ ತಡೆಯಲಾಗುವುದಿಲ್ಲ.

ಅತಿಥಿಗಳಿಗೆ ಇಷ್ಟವಾದದ್ದನ್ನು ಕಂಡು ದೌಲತರಾಯನ ದನಿ ಬದಲಾಯಿತು. "ಈಕಿ ನಮ್ಮನಿ ಮಲ್ಕಿ," ಎಂದ. "ಇವ್ರ ಮನೆತನ ನಮ್ಮ ಮುತ್ಯಾನ ಕಾಲದಿಂದ ಈ ಓಣಿ ನೋಡ್ಕೊಂಡು ಬಂದದ. ಭಾಳ ನಿಷ್ಠಾವಂತ ಜನ. ಇದೂ ಒಂದು ಪರಂಪರಾನೇ ನೋಡ್ರಿ."

ಕಮಾನನ್ನು ತೋರಿಸಿದ ಕೈಯಿಂದಲೇ ಅವಳನ್ನೂ ತೋರಿಸಿದ. ಪುಸ್ತಕದವನು ಅದನ್ನೂ ಬರೆದುಕೊಂಡ.

ಅವರು ಸಾಕೆಂದ ಮೇಲೆ ಮಲ್ಕಮ್ಮ ಅಗಸಿ ದಾಟಿ ತಗ್ಗಿಗೆ ಹೋದಳು. ಬುಟ್ಟಿ ಚೆಲ್ಲಿದಳು. ಬೂದಿ ಹಾಕಿ ಬುಟ್ಟಿ ತಿಕ್ಕಿದಳು. ಅಲ್ಲೇ ಕಲ್ಲಿನ ಸಂದಿಯಲ್ಲಿ ತನಗೆಂದು ಇಟ್ಟುಕೊಂಡಿದ್ದ ಗಡಿಗೆಯ ನೀರಿನಿಂದ ಮೊಣಕೈ ತನಕ ಕೈ ತೊಳೆದಳು. ಉಗುರ ಸಂದಿಯನ್ನು ಕಡ್ಡಿಯಿಂದ ಕೆರೆದಳು. ನೀರು ಮಂಜಿನಂತಿತ್ತು. ಮತ್ತೊಮ್ಮೆ ತೊಳೆದಳು. ದಿನದಲ್ಲಿ ಅವಳಿಗೆ ಪ್ರೀತಿಯ ಹೊತ್ತು ಅದೊಂದೇ. ಇನ್ನು ನಾಳೆಯ ತನಕ ಈ ಕೈ ತನ್ನದು.

ಹಿಂದೆ ಕೆಮ್ಮು ಕೇಳಿಸಿತು. ಅವರೆಲ್ಲ ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಬಂದಿದ್ದರು. ಹೆಂಗಸು ಎಲ್ಲರಿಗಿಂತ ಮುಂದೆ ಬಂದಳು. ಕರವಸ್ತ್ರ ತೆಗೆದಳು.

"ನಿಮ್ಮ ಹೆಸರೇನ್ರಿ ಅಕ್ಕಾ?"

ಮಲ್ಕಮ್ಮ ಸುತ್ತ ನೋಡಿದಳು, ಬೇರೆ ಯಾರನ್ನೋ ಕೇಳುತ್ತಿದ್ದಾಳೆಂದು.

"ಮಲ್ಕಮ್ಮ."

"ನಾ ಮುಮತಾಜ. ಕಲಬುರ್ಗಿಯೊಳಗ ನಮ್ಮ ಅಬ್ಬಾರದು ಸ್ಟುಡಿಯೋ ಅದ. ಮಲ್ಕಮ್ಮಾರ, ನಿಮಗ ಒಂದು ತಕಲೀಫ್ ಕೊಡ್ತೀನ್ರಿ. ಅಲ್ಲಿ ನೀವು ನಿಂತಾಗ ನನ್ನ ರೋಲ್ ಖತಂ ಆಗಿತ್ರಿ. ಒಂದೂ ತೆಗೀಲಿಕ್ಕೆ ಆಗಲಿಲ್ಲ. ಈಗ ಹೊಸಾದು ಹಾಕೀನಿ. ಬಿಸಿಲೂ ಬರೋಬ್ಬರಿ ಬಂದದ. ಇನ್ನೊಮ್ಮೆ ಬುಟ್ಟಿ ಹೊತ್ಕೊಂಡು ಆ ಓಣಿಯೊಳಗಿಂದ ಬರ್ತೀರೇನ್ರಿ?"

ಹುಟ್ಟಿದಾಗಿನಿಂದ ಮಲ್ಕಮ್ಮನಿಗೆ ಯಾರೂ 'ರಿ' ಅಂದಿರಲಿಲ್ಲ. ಬೇ ಅಂದಿದ್ದರು, ಏಯ್ ಅಂದಿದ್ದರು, ಮಲ್ಕಿ ಅಂದಿದ್ದರು. ಇವತ್ತು ಮಾತು ಮಾತಿಗೂ ರಿ ಬಂತು. ಬಂದದ್ದು ಇದಕ್ಕೆ. ಬುಟ್ಟಿ ಇನ್ನೊಮ್ಮೆ ಹೊತ್ತುಕೊಳ್ರಿ ಅನ್ನುವುದಕ್ಕೆ.

ಅವಳು ಆ ಹೆಂಗಸಿನ ಕೈ ನೋಡಿದಳು. ಉಗುರುಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಫೋಟೋ ತೊಳೆಯುವ ಔಷಧಿಯ ಕಲೆ ಇರಬೇಕು. ಈಕೆಯ ಕೈಗೂ ಕಲೆ ಇದೆ. ಆದರೆ ಈ ಕಲೆಯ ಕೈಯಿಂದ ಯಾರೂ ದೂರ ಸರಿಯುವುದಿಲ್ಲ. ಈ ಕೈಗೆ ವಾಡೆಯ ಪಡಸಾಲೆಯಲ್ಲಿ ಚಹಾದ ಕಪ್ಪು ಕೊಡುತ್ತಾರೆ.

"ಬುಟ್ಟಿ ಖಾಲಿ ಆಗ್ಯಾದ," ಎಂದಳು.

"ಖಾಲಿ ಬುಟ್ಟಿ ನಡೆಯಂಗಿಲ್ಲ," ಎಂದ ಹಿಂದಿನಿಂದ ಒಬ್ಬ. "ಭಾರ ಕಾಣಬೇಕು. ಕತ್ತಿನ ನರ ಎದ್ದು ಕಾಣಬೇಕು."

ದೌಲತರಾಯ ಚಿಟಿಕೆ ಹೊಡೆದ. "ಅದಕ್ಕೇನ್ ಬಿಡ್ರಿ. ನಮ್ಮನಿ ಸಂಡಾಸ ಮತ್ತ ತುಂಬಿರ್ತದ. ಮುಂಜಾನಿ ನೀವೆಲ್ಲಾ ಹೋಗೀರಲ್ಲ. ಮಲ್ಕಿ, ಹೋಗು, ತುಂಬ್ಕೊಂಡು ಬಾ. ಲಗೂ. ಬಿಸಿಲು ಏರ್ತದ."

ಮಲ್ಕಮ್ಮನ ಕೈಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಕೆಂಪಗಿನ, ಸ್ವಚ್ಛವಾದ ಕೈಗಳು. ಆ ಕೈಗಳನ್ನು ಅವಳು ಸೆರಗಿನಿಂದ ಒರೆಸಿಕೊಂಡಳು. ನಿಧಾನವಾಗಿ, ಒಂದೊಂದೇ ಬೆರಳು.

"ಇಲ್ಲ."

"ಏನಂದಿ?"

"ಹೊರಂಗಿಲ್ಲ ಅಂದೆ."

"ಅಲ್ಲ ಬೇ, ಒಂದು ಫೋಟೋಕ್ಕ..."

ಅವಳು ದೌಲತರಾಯನ ಕಡೆ ನೋಡಲೇ ಇಲ್ಲ. ಇಡೀ ಮೈ ತಿರುಗಿಸಿ ಮುಮತಾಜಳ ಎದುರು ನಿಂತಳು.

"ಒಂದು ಕೆಲಸ ಮಾಡೂಣ್ರಿ ಬಾಯಿ. ಅಲ್ಲಿ ಇರೋದು ನಿಮ್ದೇ ಅದ. ನಿನ್ನಿ ಉಂಡದ್ದು. ಬುಟ್ಟಿ ನೀವು ಹೊತ್ಕೊಳ್ರಿ. ಆ ಡಬ್ಬಿ ನನಗ ಕೊಡ್ರಿ. ನಿಮ್ಮ ಕತ್ತು ಚಲೋ ಅದ. ನರ ಚಲೋ ಕಾಣ್ತಾವ. ನಾ ತೆಗೀತೀನಿ ಫೋಟೋ."

ಯಾರೋ ಒಬ್ಬ ಕಿಸಕ್ಕನೆ ನಕ್ಕ. ಅರ್ಧಕ್ಕೇ ನಿಲ್ಲಿಸಿದ. ಮುಮತಾಜಳ ಕೈ ಕತ್ತಿನ ಪಟ್ಟಿಯ ಮೇಲೆ ಹೋಯಿತು, ಯಾರೋ ಕಸಿದುಕೊಳ್ಳುತ್ತಾರೇನೋ ಎಂಬ ಹಾಗೆ.

ದೌಲತರಾಯ ಎರಡು ಹೆಜ್ಜೆ ಮುಂದೆ ಬಂದು ಕೈ ಎತ್ತಿದ. ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಹೊಡೆಯಬೇಕಾದರೆ ಮುಟ್ಟಬೇಕು. ಮುಟ್ಟಿದರೆ ಅತಿಥಿಗಳ ಎದುರು ಮೈಲಿಗೆ. ಕೈ ಇಳಿಸಿದ. ಬಗ್ಗಿ ಒಂದು ಹೆಂಟೆ ಎತ್ತಿಕೊಂಡು ಬೀಸಿದ. ಅದು ಅವಳ ಭುಜಕ್ಕೆ ಬಡಿದು ಪುಡಿಯಾಯಿತು.

ಮಲ್ಕಮ್ಮ ಮಣ್ಣು ಕೊಡವಿಕೊಂಡಳು. ಖಾಲಿ ಬುಟ್ಟಿ ಕೈಯಲ್ಲಿ ಹಿಡಿದಳು.

"ಹಳೇ ಓಣಿ ನೋಡಾಕ ಬಂದೀರಲ್ಲ?" ಎಂದಳು. "ಅರ್ಧಾ ನೋಡೀರಿ. ಇನ್ನರ್ಧಾ ಇವ್ರಿಗೆ ಗೊತ್ತಿಲ್ಲ. ಬರ್ರಿ, ನಾ ತೋರಸ್ತೇನಿ."

ನಡೆದಳು. ಹಿಂದೆ ಯಾರಾದರೂ ಬರುತ್ತಾರೋ ಇಲ್ಲವೋ ತಿರುಗಿ ನೋಡಲಿಲ್ಲ. ಅಗಸಿ ದಾಟುವಾಗ ಹೆಜ್ಜೆ ಸಪ್ಪಳ ಕೇಳಿಸಿತು. ಒಂದಲ್ಲ, ನಾಲ್ಕೈದು ಜನರದು. ಅವರೊಳಗೆ ಮುಮತಾಜಳ ಚಪ್ಪಲಿಯ ಸಪ್ಪಳವೂ ಇತ್ತು. ಎಲ್ಲರ ಹಿಂದೆ ದೌಲತರಾಯ, "ಬ್ಯಾಡ್ರಿ, ಅಲ್ಲಿ ಏನಿಲ್ಲ, ಹೊಲಸು ಅದ" ಎಂದು ಕೂಗುತ್ತಾ ಬರುತ್ತಿದ್ದ.

ಹಿಂದಿನ ಓಣಿಯಲ್ಲಿ ಒಬ್ಬರ ಹಿಂದೆ ಒಬ್ಬರು ನಡೆಯಬೇಕಾಯಿತು. ಮಲ್ಕಮ್ಮ ಒಂದೊಂದು ಬಾಗಿಲಿನ ಎದುರೂ ನಿಂತಳು. ಅವಳು ನಿಂತಲ್ಲಿ ಅವರೂ ನಿಂತರು.

"ಇದು ಗೌರಾಬಾಯಿ ಮನಿ. ಹತ್ತು ಮಂದಿ ಇದ್ದಾರ. ಬಾಗಿಲು ತುಕ್ಕು ಹಿಡದದ, ಕೈ ಕೊಯ್ತದ." ಅಂಗೈ ತೋರಿಸಿದಳು. "ಇದು ಮಾಸ್ತರ ಮನಿ. ನೀರು ಹಾಕಂಗಿಲ್ಲ, ಬೂದೀನೂ ಹಾಕಂಗಿಲ್ಲ. ಇದು ಖಾಲಿ ಮನಿ ಅಂತಾರ ಮುಂದಿನ ಓಣಿಯವ್ರು. ಖಾಲಿ ಇಲ್ಲ. ಒಳಗ ಒಬ್ಬ ಮುದುಕಿ ಇದ್ದಾಳ. ಆಕಿ ಇದ್ದಾಳಂತ ನನಗೊಬ್ಬಾಕಿಗೇ ಗೊತ್ತದ."

ಅವಳಿಗೆ ಇನ್ನೂ ಬಹಳ ಗೊತ್ತಿತ್ತು. ಯಾವ ಮನೆಯ ಸೊಸೆಗೆ ರಕ್ತ ಹೋಗುತ್ತಿದೆಯೆಂದು ಆ ಸೊಸೆಯ ಗಂಡನಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಅಂಥದನ್ನು ಹೇಳಲಿಲ್ಲ. ಹೇಳಿದ್ದರೆ ಓಣಿಯ ಅರ್ಧ ಮರ್ಯಾದೆ ಅಲ್ಲೇ ಬೀಳುತ್ತಿತ್ತು. ಬೀಳಿಸುವ ಆಸೆಯೂ ಅವಳಿಗೆ ಒಂದು ಗಳಿಗೆ ಬಂತು. ನುಂಗಿಕೊಂಡಳು.

ವಾಡೆಯ ಹಿಂಬದಿಗೆ ಬಂದು ನಿಂತಳು. ಬಾಗಿಲಿನ ಮುಂದೆ ಒಂದು ಜಾರುಗಲ್ಲು ಇತ್ತು.

"ಇಲ್ಲಿ ನಮ್ಮತ್ತಿ ಬಿದ್ದಳು," ಎಂದಳು. "ಶ್ರಾವಣದ ಮಳಿ. ತಲಿ ಮ್ಯಾಲ ಬುಟ್ಟಿ ತುಂಬಿತ್ತು. ಕಾಲಿಗೆ ಈ ತಗಡು ಹೊಕ್ಕತು. ಮ್ಯಾಲಿಂದ ನೋಡಿದ್ರು. ಯಾರೂ ಇಳದು ಬರಲಿಲ್ಲ. ಓಣಿ ತೊಳದು ಹೋಗು ಅಂದ್ರು. ತೊಳದು ಬಂದಳು. ಒಂಬತ್ತು ದಿವ್ಸಕ್ಕ ಧನುರ್ವಾಯು ಬಡದು ದವಡಿ ಕಚ್ಕೊಂಡು ಸತ್ತಳು. ಮೂರು ದಿನ ಸಂಡಾಸ ಹಂಗೇ ಇತ್ತಂತ, ನಾಕನೇ ದಿನ ನಮ್ಮ ಕೇರಿಗೆ ಹೇಳಿ ಕಳಿಸಿದ್ರು. ನಾ ಬಂದೆ. ನನಗ ಹದಿನೆಂಟು ವರ್ಷ. ಹೆತ್ತು ಇಪ್ಪತ್ತು ದಿನ ಆಗಿತ್ತು. ಮೊಲಿ ಹಾಲು ಸುರೀತಿತ್ತು, ತಲಿ ಮ್ಯಾಲಿಂದ ಇದು ಸುರೀತಿತ್ತು. ಇದನ್ನೂ ಬರಕೊಳ್ರಿ."

ಪುಸ್ತಕದವನು ಬರೆಯಲಿಲ್ಲ. ಪೆನ್ನು ಕೈಯಲ್ಲೇ ಇತ್ತು.

"ಈ ಬಾಗಿಲದು ಫೋಟೋ ತೆಗೀರಿ," ಎಂದಳು ಮಲ್ಕಮ್ಮ.

ಮುಮತಾಜ ಕ್ಯಾಮೆರಾ ಎತ್ತಿದಳು. ಒಂದು ಕಣ್ಣು ಮುಚ್ಚಿದಳು. ಅಷ್ಟರಲ್ಲಿ ದೌಲತರಾಯ ನೂಕಿಕೊಂಡು ಮುಂದೆ ಬಂದು ಕ್ಯಾಮೆರಾದ ಕಣ್ಣಿಗೆ ಅಂಗೈ ಅಡ್ಡ ಹಿಡಿದ.

"ಇದು ಬ್ಯಾಡ ಮುಮತಾಜ. ಇದು ನಮ್ಮನಿ. ಮರ್ಯಾದಿ ಪ್ರಶ್ನೆ."

ಮೇಲೆ ಕಿಟಕಿ ತೆರೆಯಿತು. ಸುಭದ್ರಾಬಾಯಿಯ ಮುಖ ಕಂಡಿತು. ಎಲ್ಲರೂ ಮೇಲೆ ನೋಡಿದರು, ಆಮೇಲೆ ಮುಮತಾಜಳನ್ನು ನೋಡಿದರು. ಆಕೆ ಕ್ಯಾಮೆರಾ ಇಳಿಸಿದಳು.

"ಇವ್ರ ಮನಿಯೊಳಗ ಉಂಡೀವ್ರಿ ಮಲ್ಕಮ್ಮಾರ," ಎಂದಳು ನೆಲ ನೋಡುತ್ತ.

"ನನಗೂ ಅವ್ರೇ ಉಣಸ್ತಾರ್ರಿ," ಎಂದಳು ಮಲ್ಕಮ್ಮ. "ಮ್ಯಾಲಿಂದ."

ಬುಟ್ಟಿಯನ್ನು ವಾಡೆಯ ತಗಡಿನ ಬಾಗಿಲಿಗೆ ಆನಿಸಿ ಇಟ್ಟಳು. ಕೆರೆಯುವ ತಗಡನ್ನು ಅದರೊಳಗೆ ಹಾಕಿದಳು. ಅವರ ನಡುವಿನಿಂದಲೇ ನಡೆದು ಹೋದಳು. ಇಕ್ಕಟ್ಟಿನ ಓಣಿ. ಈ ಸಲ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟವರು ಅವರು.

ಸೋಮವಾರ ಭೀಮಶಾ ಅಡತಿಯಿಂದ ಮುಂಜಾನೆಯೇ ವಾಪಸ್ಸು ಬಂದ. ತೊಗರಿಯ ಸುಗ್ಗಿ, ಹಮಾಲರು ಸಿಗದ ದಿನಗಳು. ಆದರೂ ಗುಮಾಸ್ತ ಅವನನ್ನು ಹೊರಗೆ ಹಾಕಿದ್ದ.

"ಏನ್ ಮಾಡಿ ಬಂದಿ ನೀನು?" ಎಂದ. "ಹೊಟ್ಟಿಗೇನು ತಿಂತಿ? ಫೋಟೋ ತಿಂತೀ?"

"ಆಕಿ ನನಗ ಮತ್ತೊಮ್ಮೆ ಹೊರು ಅಂದಳು."

"ದಿನಾ ಹೊರತಿದ್ದಿಲ್ಲ? ಒಮ್ಮೆ ಹೆಚ್ಚಿಗಿ ಹೊತ್ರ ಏನ್ ಆಗ್ತಿತ್ತು?"

ದಿನಾ ಹೊತ್ತದ್ದು ನಿಜ. ಒಮ್ಮೆ ಹೆಚ್ಚಿಗೆ ಹೊರಲಾರದೆ ಹೋದದ್ದೂ ನಿಜ. ಮಲ್ಕಮ್ಮ ಶೀಗೆಕಾಯಿ ಕುದಿಸಿ ಮೂರು ಸಲ ತಲೆ ತೊಳೆದುಕೊಂಡಳು. ಮುಮತಾಜಳ ಮೇಲಿನ ಹೊಟ್ಟೆಕಿಚ್ಚು ತೊಳೆದರೂ ಹೋಗಲಿಲ್ಲ. ಆಕೆ ಕ್ಯಾಮೆರಾ ಇಳಿಸಿದ್ದನ್ನು ಕಣ್ಣಾರೆ ಕಂಡಿದ್ದಳು. ಎಲ್ಲವನ್ನೂ ನೋಡಬಲ್ಲವಳು ಒಂದು ತಗಡಿನ ಬಾಗಿಲು ನೋಡಲಾರದೆ ಹೋದಳು. ಅಷ್ಟಾದರೂ ಆ ಕತ್ತು, ಆ ನಡಿಗೆ ತನಗೆ ಬೇಕಿತ್ತು. ಬೇಡವೆಂದು ಎಷ್ಟು ಹೇಳಿಕೊಂಡರೂ ಬೇಕಿತ್ತು.

ಕೇರಿಯಲ್ಲಿ ಬೇರೆ ಓಣಿಗಳಿಗೆ ಹೊರುವ ಇನ್ನಿಬ್ಬರು ಹೆಂಗಸರಿದ್ದರು. ಗುಮಾಸ್ತ ಅವರ ಬಳಿಗೆ ಬಂದ. ಒಬ್ಬಳು ಆಗುವುದಿಲ್ಲ ಎಂದಳು. ಇನ್ನೊಬ್ಬಳಿಗೆ ಆಗುವುದಿಲ್ಲ ಎನ್ನುವ ಧೈರ್ಯವಿರಲಿಲ್ಲ, ಹೂಂ ಎನ್ನುವ ಮನಸ್ಸೂ ಇರಲಿಲ್ಲ. ಆಕೆ ಬಸ್ಸು ಹತ್ತಿ ಮಾದನಹಿಪ್ಪರಗಾದ ಅಣ್ಣನ ಮನೆಗೆ ಹೋಗಿಬಿಟ್ಟಳು. ಭೀಮಶಾ ಮೂರು ದಿನ ಕೆಲಸ ಹುಡುಕಿ ತಿರುಗಿದ. ನಾಲ್ಕನೆಯ ದಿನ ಅಫಜಲಪುರದ ರಸ್ತೆಗೆ ಕಡಿ ಹಾಕುವ ಕೆಲಸಕ್ಕೆ ಹೋದ. ಮರುದಿನ ಮಲ್ಕಮ್ಮನೂ ಅವನ ಹಿಂದೆ ನಡೆದಳು. ಅಲ್ಲಿಯೂ ತಲೆಯ ಮೇಲೆ ಬುಟ್ಟಿಯೇ. ಆದರೆ ಕಲ್ಲು ಸೋರುವುದಿಲ್ಲ.

ವಾರ ತುಂಬಿತು. ರವಿವಾರ ಮಧ್ಯಾಹ್ನ ಗಂಡ ಹೆಂಡತಿ ಮನೆಯ ಮುಂದೆ ಉಣ್ಣಲು ಕೂತಿದ್ದರು. ಬಿಸಿ ರೊಟ್ಟಿ, ಕೆಂಪು ಖಾರ. ಕೇರಿಯ ಬಾಯಲ್ಲಿ ಒಂದು ಕೊಡೆ ಕಾಣಿಸಿತು. ಕೊಡೆಯ ಕೆಳಗೆ ಸುಭದ್ರಾಬಾಯಿ. ಹಿಂದೆ ಗುಮಾಸ್ತ. ಆಕೆ ಕೇರಿಗೆ ಬಂದದ್ದು ಅದೇ ಮೊದಲು. ಹತ್ತು ಮಾರು ದೂರದಲ್ಲಿ ನಿಂತಳು. ಮುಖ ಬಾಡಿತ್ತು. ಎಂಟು ದಿನದಿಂದ ವಾಡೆಯಲ್ಲಿ ಕಿಟಕಿ ತೆರೆಯುವ ಹಾಗಿರಲಿಲ್ಲ ಅಂತ ಊರೆಲ್ಲ ಮಾತಾಡುತ್ತಿತ್ತು.

ಭೀಮಶಾ ದಡಕ್ಕನೆ ಎದ್ದು ನಿಂತ. ಬಾಯಲ್ಲಿ ತುತ್ತು ಹಾಗೇ ಇತ್ತು. ಮಲ್ಕಮ್ಮ ಏಳಲಿಲ್ಲ.

"ಏನ್ ಬೇಕು ನಿನಗ?" ಎಂದಳು ಸುಭದ್ರಾಬಾಯಿ. "ಬಾಯಿಬಿಟ್ಟು ಹೇಳು. ಜೋಳ ಹೆಚ್ಚಿಗಿ ಬೇಕೇನು? ಸೀರಿ ಬೇಕೇನು?"

ಏನು ಬೇಕೆಂದು ಮಲ್ಕಮ್ಮನನ್ನು ಅಲ್ಲಿಯ ತನಕ ಯಾರೂ ಕೇಳಿರಲಿಲ್ಲ. ಅವಳಿಗೆ ಸುಳ್ಳು ಹೇಳಬೇಕೆನಿಸಲಿಲ್ಲ.

"ನೀವು ಇದ್ದಂಗ ಇರಬೇಕ್ರಿ," ಎಂದಳು. "ಮುಂದಿನ ಓಣಿಯೊಳಗ ನೀವು ನಡದಂಗ ನಡೀಬೇಕು. ನಿಮ್ಮ ಮಗ ಮಾತಾಡಿದ್ರ ಬರಕೋತಾರ, ನಾ ಮಾತಾಡಿದ್ರೂ ಬರಕೋಬೇಕು. ಆ ಕ್ಯಾಮೆರಾದಾಕಿ ಹಂಗ ತಲಿ ಎತ್ತಿ ಮಾಳಗಿ ನೋಡಬೇಕು."

ಸುಭದ್ರಾಬಾಯಿ ಗುಮಾಸ್ತನ ಮುಖ ನೋಡಿದಳು. "ಕೇಳಿದಿಯೇನು? ಎಷ್ಟು ಹೊಟ್ಟೆಕಿಚ್ಚು ಅದ ಈಕಿಗೆ!"

"ಹೌದ್ರಿ ಬಾಯಾರ. ಹೊಟ್ಟೆಕಿಚ್ಚೇ. ಹದಿನಾಲ್ಕು ವರ್ಷದಿಂದ ಅದ. ಈಗ ಬಾಯಿಗೆ ಬಂತು."

"ಹಂಗಾದ್ರ ನಮ್ಮನಿ ಸಂಡಾಸ ಯಾರು ಬಳೀಬೇಕು?"

"ಯಾರು ಹೋಗ್ತಾರ ಅವ್ರು."

ಸುಭದ್ರಾಬಾಯಿ ಇವಳನ್ನು ಬಿಟ್ಟು ಭೀಮಶಾನ ಕಡೆ ತಿರುಗಿದಳು. ದನಿ ಮೆತ್ತಗಾಯಿತು.

"ಭೀಮಶಾ, ನೀನರ ಶಾಣ್ಯಾ ಇದ್ದಿ. ನಾಳಿಂದ ಅಡತಿಗೆ ಬಾ. ನಿನ್ನ ಕೆಲಸ ನಿನಗೇ ಅದ. ನಸುಕಿನ್ಯಾಗ ಈಕಿನ್ನ ಕಳಿಸು, ಅಷ್ಟೇ."

ಭೀಮಶಾ ನಿಂತೇ ಇದ್ದ. ಎಡಗೈ ತಾನಾಗಿಯೇ ಎದೆಯ ಹತ್ತಿರ ಬಂದಿತ್ತು, ಮುಗಿಯಲು ಸಿದ್ಧವಾದ ಹಾಗೆ. ಬಲಗೈಯಲ್ಲಿ ರೊಟ್ಟಿಯ ಚೂರಿತ್ತು. ಅವನು ಕೊಡೆಯನ್ನು ನೋಡಿದ. ಹೆಂಡತಿಯನ್ನು ನೋಡಿದ. ಕಡಿ ಹೊತ್ತು ಬೊಬ್ಬೆ ಎದ್ದ ತನ್ನ ಕೈಯನ್ನು ನೋಡಿದ.

ಮಲ್ಕಮ್ಮ ಕೈ ಚಾಚಿ ಅವನ ಧೋತರದ ಅಂಚು ಹಿಡಿದು ಎಳೆದಳು.

"ಕುಂಡ್ರು," ಎಂದಳು. "ಉಣ್ಣಾಕತ್ತೀವಿ."

ಬಾಯಲ್ಲಿದ್ದ ತುತ್ತನ್ನು ಭೀಮಶಾ ನುಂಗಿದ. ಆಮೇಲೆ ಕೂತ. ಸುಭದ್ರಾಬಾಯಿ ನೋಡುತ್ತಿದ್ದ ಹಾಗೆಯೇ ರೊಟ್ಟಿಯ ಚೂರನ್ನು ಖಾರದಲ್ಲಿ ಅದ್ದಿದ.